ಹಕ್ಕಳೆ

ಅಮ್ಮನ ಮುಖವನ್ನು ಇನ್ನೊಮ್ಮೆ ತೊಳೆಯಬೇಕಾಗಿ ಬರುತ್ತದೆಂದು ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ತಂಗಿ ಚಿನ್ನಿ ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ, ಬಿಚ್ಚಿದ ಅಂಗಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಬಲ ಹೆಗಲಿನ ಎಲುಬಿನ ಕೆಳಗೆ, ಅಂಗೈಗಿಂತ ತುಸು ದೊಡ್ಡದಾದ ಜಾಗದಲ್ಲಿ, ಅಮ್ಮ ನಗುತ್ತಿದ್ದಳು. ಮೇಲೆ ಸುತ್ತಿದ್ದ ತೆಳು ಹಾಳೆಯನ್ನು ಅಕ್ಕ ಬಿಚ್ಚಿದಾಗ ಒಳಗೆ ನಿಂತಿದ್ದ ಶಾಯಿ, ರಕ್ತ, ಜಿನುಗಿದ ನೀರು ಎಲ್ಲ ಕಲೆತು ಅಮ್ಮನ ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಚಿನ್ನಿಯ ಸೊಂಟಕ್ಕೆ ಇಳಿಯಿತು. ಹಚ್ಚೆಯ ಸುತ್ತ ಚರ್ಮ ಕೆಂಪಗೆ ಊದಿತ್ತು. ಅಕ್ಕ ಉಗುರುಬೆಚ್ಚಗಿನ ನೀರನ್ನು ಬೊಗಸೆಯಲ್ಲಿ ಹಿಡಿದು ಬಿಟ್ಟಳು, ವಾಸನೆಯಿಲ್ಲದ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿಕೊಂಡು ಅಮ್ಮನ ಹಣೆಯ ಮೇಲೆ ಇಟ್ಟಳು. ಹಣೆ ಸುಡುತ್ತಿತ್ತು. ಸತ್ತವರ ಮುಖ ಇಷ್ಟು ಬಿಸಿಯಾಗಿರಬಾರದು ಎಂಬ ಯೋಚನೆ ಬಂದು, ಕೈ ತಾನಾಗಿಯೇ ಹಿಂದಕ್ಕೆ ಬಂತು. “ಹೆದರ್ಕೋಬೇಡ ಅಕ್ಕಾ, ಮೊದಮೊದಲು ಹಾಗೇ ಇರುತ್ತಂತೆ,” ಎಂದಳು ಚಿನ್ನಿ, ಗೋಡೆಯ ಕಡೆ ನೋಡುತ್ತಲೇ.

ಗಂಡನ ಮನೆಯಿಂದ ಒಂದು ಚೀಲ ಮತ್ತು ಒಂದು ಮುಲಾಮಿನ ಟ್ಯೂಬು ಹಿಡಿದು ಅವಳು ಹೇಳದೆ ಕೇಳದೆ ಬಂದಿಳಿದಿದ್ದಳು. ಹಚ್ಚೆ ಹಾಕಿದವನು ಹೇಳಿಕೊಟ್ಟ ಪಾಠವನ್ನು ಚಪ್ಪಲಿ ಬಿಡುವ ಮೊದಲೇ ಒಪ್ಪಿಸಿದಳು. ಬೆಳಿಗ್ಗೆ ಸಂಜೆ ತೊಳೆಯಬೇಕು, ಕಾಗದದಿಂದ ತಟ್ಟಿ ಒಣಗಿಸಬೇಕು, ಮುಲಾಮು ತೆಳ್ಳಗೆ ಹಚ್ಚಬೇಕು, ಬಿಸಿಲು ತಾಗಬಾರದು. ಆಮೇಲೆ ಹಕ್ಕಳೆ ಕಟ್ಟುತ್ತದೆ, ನವೆಯಾಗುತ್ತದೆ. ಹಕ್ಕಳೆ ತಾನಾಗಿ ಉದುರಬೇಕು. ಕಿತ್ತರೆ ಅದರ ಜೊತೆಗೆ ಬಣ್ಣವೂ ಎದ್ದು ಬರುತ್ತದೆ. “ಇವರಿಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ. ನನ್ನ ಕೈ ಬೆನ್ನಿಗೆ ಎಟುಕಲ್ಲ. ನೀನಾದ್ರೆ ಅಮ್ಮನ್ನ ನೋಡ್ಕೊಂಡಿದ್ದೀಯ, ನಿಂಗೆ ಇದೆಲ್ಲ ಅಭ್ಯಾಸ,” ಎಂದಳು. ಅಭ್ಯಾಸ. ಅಕ್ಕ ಚಹಾ ಸೋಸುತ್ತ ಆ ಮಾತನ್ನು ಬಾಯಿಯಲ್ಲಿ ಹೊರಳಿಸಿದಳು. ಲಕ್ವ ಹೊಡೆದ ಮೇಲೆ ಅಮ್ಮ ಈ ನಡುಮನೆಯಲ್ಲೇ, ಈಗ ಚಿನ್ನಿ ಚೀಲ ಇಟ್ಟ ಜಾಗದಲ್ಲೇ ಹಾಕಿದ್ದ ಮಂಚದ ಮೇಲೆ ಮಲಗಿದ್ದಳು. ಮಗ್ಗುಲು ಬದಲಿಸುವುದು, ಹೊದಿಕೆ ಒಗೆಯುವುದು, ಜೊಲ್ಲು ಒರೆಸುವುದು, ಗಂಜಿಯನ್ನು ಚಮಚದಲ್ಲಿ ಕೆನ್ನೆಯ ಒಳಬದಿಗೆ ಬಿಟ್ಟು ಗಂಟಲು ಅಲುಗುವವರೆಗೆ ಕಾಯುವುದು, ಹೌದು, ಎಲ್ಲ ಅಭ್ಯಾಸವಾಗಿತ್ತು. ಆಗ ಚಿನ್ನಿ ಹಬ್ಬಕ್ಕೆ ಬಂದ ನೆಂಟಳ ಹಾಗೆ ಬಂದು, ಅಮ್ಮನ ಕೈ ಹಿಡಿದು ಅತ್ತು, ಕಣ್ಣು ಊದಿಸಿಕೊಂಡು ಹೊರಟುಹೋಗುತ್ತಿದ್ದಳು. ದೂರದ ಬೆಟ್ಟ ನುಣ್ಣಗೆ. ಹತ್ತಿರವಿದ್ದವಳು ಕಲ್ಲುಮುಳ್ಳು.

ಅಮ್ಮನಿಗೆ ಉಳಿದಿದ್ದದ್ದು ನಾಲ್ಕಾರು ಮಾತು. ಅದರಲ್ಲಿ ಅಕ್ಕನಿಗೆ ತಿಳಿಯುವಂತಿದ್ದದ್ದು ಒಂದು ಹೆಸರು. ಎಡಕ್ಕೆ ಜಗ್ಗಿಹೋದ ಬಾಯಿಯಿಂದ ಬೆಳಗಿನಿಂದ ಬೈಗಿನವರೆಗೆ “ಚಿನ್ನೀ, ಚಿನ್ನೀ” ಎಂದು ಹೊರಡುತ್ತಿತ್ತು. ಹಸಿವಾದರೂ ಚಿನ್ನಿ, ಮೈ ಒದ್ದೆಯಾದರೂ ಚಿನ್ನಿ. ಒದ್ದೆಯನ್ನು ಬದಲಿಸುವವಳು ಎದುರಿಗೇ ಬಗ್ಗಿ ನಿಂತಿರುತ್ತಿದ್ದಳು, ಅವಳ ತೋಳಿನ ಸಂದಿನಿಂದ ಬಾಗಿಲಿನ ಕಡೆ ನೋಡಿ ಅಮ್ಮ ಕೂಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಕ್ಕನಿಗೆ ಗಿಡವೆಂಬ ಲೆಕ್ಕವೂ ಇರಲಿಲ್ಲ, ಅವಳು ಮಂಚದ ಕಾಲು.

ಅಕ್ಕನ ಕೆಲಸ ಕನ್ನಡಕದಂಗಡಿಯಲ್ಲಿ. ಬಂದವರನ್ನು ಎದುರಿಗೆ ಕೂರಿಸಿಕೊಂಡು, “ನನ್ನ ಹಣೆ ನೋಡಿ” ಎಂದು, ಚಿಕ್ಕ ಅಳತೆಪಟ್ಟಿಯನ್ನು ಅವರ ಮೂಗಿನ ಮೇಲೆ ಅಡ್ಡ ಹಿಡಿದು, ಒಂದು ಕಣ್ಣಿನ ಪಾಪೆಯಿಂದ ಇನ್ನೊಂದಕ್ಕಿರುವ ದೂರ ನೋಡುತ್ತಿದ್ದಳು. ಅಪರಿಚಿತರ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ. ಯಾರ ಕಣ್ಣೂ ಅವಳನ್ನು ನೋಡುತ್ತಿರಲಿಲ್ಲ. ಹಣೆ ನೋಡಿ ಎಂದರೆ ಹಣೆ ನೋಡುವವರೇ ಎಲ್ಲ. ಚಿನ್ನಿ ಬಂದ ಮೇಲೆ ಅಳತೆ ಒಂದೆರಡು ಸಲ ತಪ್ಪಿತು. ಒಂದು ದಿನ ಮಗಳ ಜೊತೆ ಬಂದ ಮುದುಕಿಯೊಬ್ಬಳಿಗೆ ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಕಿವಿಯ ಹಿಂದೆ ಕೂರಿಸುವಾಗ ಬೆರಳು ಬಿಗಿಯಿತು. ಆ ಮಡಿಕೆ ಚರ್ಮ, ಕಿವಿಯ ಹಿಂದಿನ ಆ ತೇವ ಅವಳಿಗೆ ಗೊತ್ತಿದ್ದದ್ದೇ. ಮುದುಕಿ ಮುಖ ಕಿವುಚಿ ಮಗಳಿಗೆ, “ಇವಳ ಕೈ ಒರಟು ಕಣೇ,” ಎಂದಳು. ಎದುರಿಗಿದ್ದವಳಿಗೆ ಕಿವಿಯಿಲ್ಲವೆಂಬಂತೆ. ಮಾಲೀಕರು ಗಲ್ಲಾದಿಂದ ಎದ್ದು ಬಂದು, “ಬಿಡಮ್ಮ, ನಾನು ನೋಡ್ಕೋತೀನಿ. ನೀನು ಹೋಗಿ ಗಾಜು ಒರೆಸು,” ಎಂದರು. ಅಕ್ಕ ಶೋಕೇಸಿನ ಗಾಜು ಒರೆಸಿದಳು. ಗಾಜಿನ ಆಚೆ ಮಗಳು ಬಗ್ಗಿ ಮುದುಕಿಯ ಮೂಗಿನ ಮೇಲೆ ಕನ್ನಡಕ ಸರಿಮಾಡುತ್ತಿದ್ದಳು, ಮುದುಕಿ ಮಗಳನ್ನೇ ನೋಡುತ್ತಿದ್ದಳು. ಅಮ್ಮ ತನ್ನನ್ನು ಹಾಗೆ ನೆಟ್ಟಗೆ ನೋಡಿದ್ದು ಒದ್ದೆ ಟವೆಲ್ಲಿನ ಮಧ್ಯಾಹ್ನ. ಮುಖ ಒರೆಸುತ್ತಿದ್ದಳು ಅಕ್ಕ. ಹಣೆ ಆಯಿತು, ಕಣ್ಣಿನ ಪಿಸುರು ಆಯಿತು, ಬಾಯಿಗೆ ಬಂದಾಗ ಟವೆಲ್ಲಿನ ಅಡಿಯಿಂದ ಮತ್ತೆ ಅದೇ ಹೆಸರು ಹೊರಟಿತು. ಕೈಯನ್ನು ಅಲ್ಲೇ ಬಿಟ್ಟಳು. ಒತ್ತಿದ್ದಳೋ, ಬರಿದೇ ಇಟ್ಟಿದ್ದಳೋ, ಈಗ ಹೇಳುವುದು ಕಷ್ಟ. ಕೂಗು ಟವೆಲ್ಲಿನ ಒಳಗೆ ಬೆಚ್ಚಗಾಗಿ ನಿಂತಿತು. ತೆಗೆದಾಗ ಅಮ್ಮ ಬಾಗಿಲು ನೋಡಲಿಲ್ಲ, ಅವಳನ್ನು ನೋಡಿದಳು. ಗುರುತು ಹಿಡಿದವಳ ಹಾಗೆ, ಬಹಳ ಹೊತ್ತು. ಆ ನೋಟಕ್ಕಾಗಿ ಅಕ್ಕ ಇನ್ನೊಂದು ದಿನ ಹಾಗೆ ಮಾಡಿದಳು. ಆಮೇಲೆ ಮತ್ತೆ ಕೆಲವು ದಿನ. ಅಮ್ಮ ಸತ್ತದ್ದು ಅದರಿಂದಲ್ಲ. ಎಷ್ಟೋ ಕಾಲದ ಮೇಲೆ ಆಸ್ಪತ್ರೆಯಲ್ಲಿ, ಎದೆಗೆ ನೀರು ತುಂಬಿ. ಡಾಕ್ಟರು, “ಚೆನ್ನಾಗಿ ನೋಡ್ಕೊಂಡಿದ್ದೀರಿ, ಬೆನ್ನಲ್ಲಿ ಒಂದು ಹುಣ್ಣಿಲ್ಲ,” ಎಂದಿದ್ದರು. ಇನ್ನೂ ಒರೆಸುತ್ತಲೇ ಇದ್ದ ಅಕ್ಕನಿಗೆ ಮಾಲೀಕರು ದೂರದಿಂದ, “ಆ ಗಾಜು ಸವೆದುಹೋದೀತು,” ಎಂದು ನಕ್ಕರು.

ಸಂಜೆ ಮನೆಗೆ ಬಂದರೆ ಮೇಲಿನ ಮನೆಯಾಕೆ ಬಂದು ಕೂತಿದ್ದರು. ಅಮ್ಮ ಮಲಗಿದ್ದಾಗ, ಅಕ್ಕ ಅಂಗಡಿಗೆ ಹೋದ ಹೊತ್ತಿನಲ್ಲಿ ಕೆಳಗಿಳಿದು ಒಂದು ಕಣ್ಣಿಟ್ಟಿರುತ್ತಿದ್ದವರು ಇವರೇ. ಉಪಕಾರವನ್ನು ಮರೆಯಲು ಬಿಡದ ಜನ. ಚಿನ್ನಿ ಅಂಗಿಯ ಕುತ್ತಿಗೆ ಜಾರಿಸಿ ಬೆನ್ನು ತೋರಿಸಿದ್ದಳು. ಆಕೆ ಮೂಗು ಒರೆಸಿಕೊಳ್ಳುತ್ತ, “ಥೇಟ್ ನಿಮ್ಮಮ್ಮನೇ. ಎಂಥ ಪ್ರೀತಿ ನೋಡು ಇವಳದು, ಮೈ ಚುಚ್ಚಿಸ್ಕೊಂಡಿದ್ದಾಳೆ,” ಎಂದು, ಅಕ್ಕನ ಕಡೆ ತಿರುಗಿ, “ನಿಂಗೆ ಅನ್ನಿಸ್ಲಿಲ್ವಾ ಹೀಗೆ ಏನಾದ್ರೂ ಮಾಡ್ಬೇಕು ಅಂತ?” ಎಂದು ಕೇಳಿದರು. “ಅಕ್ಕಂಗೆ ಯಾಕೆ ಬೇಕು ಆಂಟೀ, ಕೊನೇವರೆಗೂ ಅಮ್ಮ ಅವಳ ಹತ್ರಾನೇ ಇದ್ಲಲ್ಲ. ನಂಗೇ ಏನೂ ಸಿಗಲಿಲ್ಲ. ಅವಳು ಪುಣ್ಯವಂತೆ,” ಎಂದಳು ಚಿನ್ನಿ. ಅವಳ ದನಿಯಲ್ಲಿ ಹೊಟ್ಟೆಕಿಚ್ಚು ನಿಜವಾಗಿಯೇ ಇತ್ತು. ಹೆತ್ತ ತಾಯಿಯ ಮಲ ಬಳಿದವಳ ಮೇಲೆ ಹೊಟ್ಟೆಕಿಚ್ಚುಪಡಲೂ ಒಂದು ಧಾರಾಳ ಬೇಕು. ಅಕ್ಕ ಪುಣ್ಯವಂತೆಯ ಹಾಗೆ ಮುಗುಳ್ನಕ್ಕು ಚಹಾಕ್ಕೆ ನೀರಿಟ್ಟಳು.

ಆಕೆ ಹೋದ ಮೇಲೆ ತೊಳೆಯಲು ಕೂತಾಗ, ಊತ ಇಳಿದು ಗೆರೆಗಳು ಬಿಡಿಬಿಡಿಯಾಗಿದ್ದ ಬೆನ್ನನ್ನು ಅಕ್ಕ ದೀಪದ ಕೆಳಗೆ ಸರಿಯಾಗಿ ನೋಡಿದಳು. ಹಚ್ಚೆಗೆ ಮೂಲವಾಗಿದ್ದ ಫೋಟೋ ಅವಳಿಗೆ ಬಾಯಿಪಾಠ. ಅಮ್ಮನ ಮಡಿಲಲ್ಲಿ ಹಲ್ಲಿಲ್ಲದ ಚಿನ್ನಿ, ಕುರ್ಚಿಯ ಹಿಂದೆ ಎರಡು ಜಡೆಯ ಅಕ್ಕ, ಒಂದು ಕೈ ಅಮ್ಮನ ಹೆಗಲ ಮೇಲೆ. ಫೋಟೋಗ್ರಾಫರ್ ಅಲುಗಾಡಬೇಡ ಎಂದಿದ್ದಕ್ಕೆ ಆ ಕೈಯನ್ನು ಅವಳು ಮರಗಟ್ಟುವವರೆಗೆ ಅಲ್ಲೇ ಇಟ್ಟಿದ್ದಳು. ಅಮ್ಮ ನಕ್ಕದ್ದು ಮಡಿಲಿನ ಕಡೆ ನೋಡಿ. ಚಿನ್ನಿ ಅಮ್ಮನ ಮುಖವನ್ನಷ್ಟೇ ಕತ್ತರಿಸಿ ಕೊಟ್ಟಿದ್ದಳು. ಆದರೂ ಹೆಗಲಿನ ಅಂಚಿನಲ್ಲಿ ಏನೋ ಉಳಿದಿತ್ತು. ಹಚ್ಚೆಯವನಿಗೆ ಅದೇನೆಂದು ತಿಳಿಯದೆ, ಬಟ್ಟೆಯ ಮಡಿಕೆಯೆಂದುಕೊಂಡು, ನಾಲ್ಕು ನೆರಿಗೆ ಎಳೆದು ನೆರಳು ತುಂಬಿದ್ದ. ಅವು ಅಕ್ಕನ ಬೆರಳುಗಳು. ಎಣಿಸಬಹುದಿತ್ತು. ಆ ಅಂಚಿಗೆ ಬೇರೆ ಎಲ್ಲ ಕಡೆಗಿಂತ ಹೆಚ್ಚು ನೊರೆ ಹಾಕಿ ತೊಳೆದಳು. “ಅಲ್ಲಿ ಏನಕ್ಕಾ ಅಷ್ಟೊತ್ತು?” ಎಂದಳು ಚಿನ್ನಿ. “ಸೋಪು ಉಳಿದಿದೆ,” ಎಂದಳು ಅಕ್ಕ.

ಹಕ್ಕಳೆ ಕಟ್ಟಿತು. ಕೂದಲು ಮತ್ತು ಕಣ್ಣಿನ ಮೇಲೆ ತೆಳ್ಳಗೆ, ಸೂಜಿ ಮತ್ತೆ ಮತ್ತೆ ಓಡಾಡಿದ್ದ ತುಟಿಗಳ ಮೇಲೆ ದಪ್ಪಗೆ. ಸೀದ ಹಾಲಿನ ಕೆನೆಯಂತೆ ಅದು ಬಾಯಿಯನ್ನು ಮುಚ್ಚಿಕೊಂಡಿತ್ತು. ನವೆ ಶುರುವಾದ ಮೇಲೆ ಚಿನ್ನಿ ಕೂತಲ್ಲಿ ಕೂರದಾದಳು. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಲು ಹೋಗಿ ಅಕ್ಕನಿಂದ ಬೈಸಿಕೊಂಡಳು. ಅಕ್ಕ ಕಾವಲು ಕಾದಳು ಎಂದೇ ಹೇಳಬೇಕು. ಅಂಗಡಿಯಿಂದ ಊಟದ ಹೊತ್ತಿಗೆ ಮನೆಗೆ ಬಂದು ಅಂಗೈಯಿಂದ ಮೆಲ್ಲಗೆ ತಟ್ಟಿ, ಮುಲಾಮು ಹಚ್ಚಿ ಓಡುತ್ತಿದ್ದಳು. ಇದರಲ್ಲಿ ಅವಳಿಗೆ ಒಂದು ಹೆಮ್ಮೆಯೂ ಇತ್ತು. ಈ ಮುಖವಾದರೂ ತನ್ನ ಕೈಯಲ್ಲಿ ಕೆಡಲಿಲ್ಲ, ಗುಣವಾಯಿತು ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳಬಹುದಲ್ಲ. ಒಂದು ಮಧ್ಯಾಹ್ನ ಚಿನ್ನಿ ಹಾಸಿಗೆಯ ಮೇಲೆ ಬೋರಲು ಬಿದ್ದು, ದಿಂಬಿಗೆ ಮುಖ ಹುದುಗಿಸಿ, “ತಡ್ಕೊಳ್ಳೋಕೆ ಆಗ್ತಿಲ್ಲ ಅಕ್ಕಾ. ಒಂಚೂರು ತುರಿಸು,” ಎಂದಳು.

“ತುರಿಸಬಾರದು ಅಂದಿದ್ದಾನಲ್ಲ.”

“ಅವನಿಗೇನು, ನವೆ ಅವನ ಬೆನ್ನಿಗಾ? ನಾನೇ ಹೇಳ್ತಿದ್ದೀನಲ್ಲ. ಒಂಚೂರು.”

ನಾನೇ ಹೇಳ್ತಿದ್ದೀನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕಾದವಳಿಗೆ ಹಾವೇ ಬಂದು ಕೋಲು ಕೊಟ್ಟಂತೆ. ಅಕ್ಕ ಮೊದಲು ತಟ್ಟಿದಳು. “ಅದಲ್ಲ,” ಎಂದಳು ಚಿನ್ನಿ. ಅಕ್ಕ ಹೆಬ್ಬೆರಳಿನ ಉಗುರನ್ನು ಕೆನ್ನೆಯ ಮೇಲೆ ಎಳೆದಳು, ಕೂದಲಿನ ಮೇಲೆ ಎಳೆದಳು. ಹೊಟ್ಟಿನಂಥದ್ದು ಉದುರಿತು, ಅಷ್ಟೇ. ಉಗುರು ಬಾಯಿಯ ಮೂಲೆಗೆ ಬಂದಾಗ ಹಕ್ಕಳೆಯ ಅಂಚು ತುಸು ಎದ್ದಿರುವುದು ತಾಗಿತು. ಇಲ್ಲಿ ನಿಲ್ಲಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕೈ ಅಷ್ಟು ನಿಧಾನವಾಗಿ, ಅಷ್ಟು ಚೊಕ್ಕವಾಗಿ ಕೆಲಸ ಮಾಡಿತು. ಉಗುರನ್ನು ಅಡಿಗೆ ತೂರಿಸಿ, ಒಂದೇ ಎಳೆತಕ್ಕೆ ಕೀಳದೆ, ಕೂದಲೆಳೆಯಷ್ಟು ಎತ್ತಿ, ಬಿಟ್ಟು, ಮತ್ತೆ ಎತ್ತಿ. ಚಿನ್ನಿ ದಿಂಬಿನೊಳಗೆ, “ಹಾ, ಅಲ್ಲೇ,” ಎಂದು ನರಳಿದಳು. ಅಲ್ಲೇ, ಆ ಬಾಯಲ್ಲೇ, ತನ್ನ ಹೆಸರು ಒಂದು ಸಲವೂ ಹೊರಡದ ಜಾಗದಲ್ಲೇ. ಕೆಳತುಟಿಯ ಎಡ ಅರ್ಧ ಪೂರ್ತಿ ಬಿಟ್ಟುಬಂತು. ಕರಿಗಪ್ಪು ಸಿಪ್ಪೆ, ಒಳಮೈಯಲ್ಲಿ ಬಣ್ಣ ಹಸಿಯಾಗಿತ್ತು. ಅಡಿಯಲ್ಲಿ ಮಿಣಮಿಣನೆ ಗುಲಾಬಿ ಮಾಂಸ, ಅದರಲ್ಲಿ ಒಂದು ಹನಿ ರಕ್ತ ನಿಧಾನಕ್ಕೆ ತುಂಬಿಕೊಂಡಿತು. “ಸಾಕಾ?” ಎಂದು ಕೇಳಿದಳು. “ಸಾಕು. ಅಬ್ಬಾ, ಪ್ರಾಣ ಬಂತು,” ಎಂದಳು ಚಿನ್ನಿ.

ಹಕ್ಕಳೆಯನ್ನು ಬೆರಳಿನಲ್ಲಿ ಉಂಡೆ ಮಾಡಿ ಬೇಸಿನ್ನಿಗೆ ಹಾಕಿ ನೀರು ಬಿಟ್ಟು, ತಿರುಗಿ ಬಂದು ನೋಡಿದರೆ ಅಮ್ಮ ಮಂಚದ ಮೇಲಿದ್ದಳು. ನಗುವಿನ ಒಂದು ಮೂಲೆ ಹೋಗಿ ಬಾಯಿ ಎಡಕ್ಕೆ ಜಗ್ಗಿತ್ತು. ಹಾಗೆ ಮಾಡಬೇಕೆಂದು ಅವಳು ಮಾಡಿರಲಿಲ್ಲ, ದೇವರಾಣೆ ಇಲ್ಲ. ಅಳಿಸಬೇಕೆಂದು ಹೊರಟಿದ್ದಳು, ಅಳಿಸಿದ್ದರಿಂದಲೇ ಆ ಸೊಟ್ಟ ಬಾಯಿ ಬಂದು ಕೂತಿತ್ತು. ಚಿನ್ನಿಯ ಅಮ್ಮ ಹೋಗಿ ತನ್ನ ಅಮ್ಮ ಬಂದಿದ್ದಳು, ಜೊಲ್ಲಿನ ಅಮ್ಮ, ಗಂಜಿಯ ಅಮ್ಮ. ಮೊದಲು ಅಂಗಿಯನ್ನು ಅದರ ಮೇಲೆ ಎಳೆದು ಮುಚ್ಚಿದಳು. ಆಮೇಲೆ ಸಂತೋಷವಾಯಿತು. ಹೇಸಿಗೆಯಂಥ ಸಂತೋಷ, ಆದರೆ ಸಂತೋಷವೇ. ಇನ್ನು ಚಿನ್ನಿ ಎಲ್ಲಿಗೆ ಹೋದರೂ ಇದನ್ನು ಹೊತ್ತುಕೊಂಡೇ ಹೋಗಬೇಕು ಎಂದುಕೊಂಡು ಅಕ್ಕ ಅಂಗಡಿಗೆ ಹೊರಟಳು. ಬಸ್ಸಿನಲ್ಲಿ ಎದುರಿಗೆ ಕೂತಿದ್ದವರ ಮುಖವೆಲ್ಲ ಹಗುರವಾಗಿ ಕಂಡಿತು. ಇಳಿಯುವ ಹೊತ್ತಿಗೆ ಹೆದರಿಕೆ ಹಿಂತಿರುಗಿತು. ಚಿನ್ನಿಗೆ ತಿಳಿದರೆ ಏನು ಹೇಳುವುದು. ತಂಗಿಯೊಬ್ಬಳೇ ಉಳಿದಿದ್ದವಳು, ಅವಳೂ ಹೋದರೆ ತನ್ನನ್ನು ಅಕ್ಕ ಎಂದು ಕರೆಯಲು ಜಗತ್ತಿನಲ್ಲಿ ಒಂದು ನರಪಿಳ್ಳೆ ಇಲ್ಲ.

ಅಲ್ಲಿಂದ ಮುಂದೆ ಸುಳ್ಳಿನ ಸಂಸಾರ. ಗಂಡನಿಗೆ ಕಳಿಸಲು ಫೋಟೋ ತೆಗಿ ಎಂದು ಚಿನ್ನಿ ಕೇಳಿದರೆ ಅಕ್ಕ, “ಈಗ ಬೇಡ, ಉದುರ್ತಾ ಇದೆ, ನೋಡಕ್ಕೆ ಅಸಹ್ಯ,” ಎಂದಳು. ಒಂದು ಸಲ ತೆಗೆದಳು, ಮುಲಾಮು ದಪ್ಪಗೆ ಮೆತ್ತಿ, ಬಾಯಿಯ ಮೇಲೆ ಬೆಳಕು ಹೊಳೆಯುವ ಹಾಗೆ. ಗಾಯಕ್ಕೆ ಹಗಲಿರುಳು ಆರೈಕೆ ಮಾಡಿದಳು. ಕಿತ್ತ ಕೈಯೇ ಮಾಯಿಸಲು ಹೊರಟರೆ ಎಷ್ಟು ಮಾಯಿಸೀತು. ಗುಲಾಬಿ ಬಣ್ಣ ಬೆಳ್ಳಗಾಯಿತು, ಬೆಳ್ಳಗಾಗಿ ಅಲ್ಲೇ ನಿಂತಿತು. ಅಂಗಡಿಯಲ್ಲಿ ಯಾರದೋ ಪಾಪೆಗಳ ನಡುವೆ ಪಟ್ಟಿ ಹಿಡಿದಿದ್ದಾಗ ಅವಳ ಕಣ್ಣು ಅವರ ಬಾಯಿಗೆ ಜಾರುತ್ತಿತ್ತು, ಯಾವ ಕ್ಷಣದಲ್ಲಾದರೂ ಅದು ತೆರೆದುಕೊಂಡು ಎಲ್ಲವನ್ನೂ ಹೇಳಿಬಿಡುತ್ತದೆಂಬಂತೆ.

ಹಾಗೆ ಹೆದರಿ ಹೆದರಿ ಸಾಕಾಗಿದ್ದ ಒಂದು ಸಂಜೆ ಬಾಗಿಲು ತೆರೆದಾಗ, ಚಿನ್ನಿ ಬಚ್ಚಲಮನೆಯ ಕನ್ನಡಿಗೆ ಬೆನ್ನು ಕೊಟ್ಟು, ಕೈಗನ್ನಡಿಯನ್ನು ಮುಖದ ಮುಂದೆ ಹಿಡಿದು ನಿಂತಿದ್ದಳು. ಅಕ್ಕನನ್ನು ನೋಡಿಯೂ ಅಲುಗಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು, ಚೀಲವನ್ನು ಮೊಳೆಗೆ ಸಿಕ್ಕಿಸಿ, ಇನ್ನು ಮಾಡಲು ಬೇರೇನೂ ಕೆಲಸವಿಲ್ಲದೆ ಬಚ್ಚಲ ಬಾಗಿಲಿಗೆ ಬಂದಳು.

“ಬಾಯಿ ಹೋಗಿದೆ,” ಎಂದಳು ಚಿನ್ನಿ.

“ಹಕ್ಕಳೆ ಉದುರಿದ ಜಾಗ. ಬಣ್ಣ ಆಮೇಲೆ ಬರುತ್ತೆ.”

“ಉದುರಿದ್ದಲ್ಲ. ನೀನು ಕಿತ್ತಿದ್ದು. ಅವತ್ತೇ ಗೊತ್ತಾಯ್ತು ನಂಗೆ.”

“ಗೊತ್ತಾಗಿದ್ರೆ ಅವತ್ತೇ ಬೇಡ ಅನ್ಬೇಕಿತ್ತು.”

“ಹಿತವಾಗಿತ್ತು,” ಎಂದಳು ಚಿನ್ನಿ, ಕೈಗನ್ನಡಿಯನ್ನು ಬೇಸಿನ್ನಿನ ಮೇಲೆ ಇಡುತ್ತ.

ಅಕ್ಕ ಬೈಗುಳಕ್ಕೆ ಕಾದಳು. ಬೈಗುಳ ಬಂದರೆ ಅಳಬಹುದು, ಅತ್ತರೆ ಹೇಳಬಹುದು, ಹೇಳಿದರೆ ಮುಗಿಯಬಹುದು ಎಂದು ಇಷ್ಟು ದಿನ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದಳು. ಚಿನ್ನಿ ಬೈಯಲಿಲ್ಲ. “ಅಮ್ಮ ಹೇಳಿದ್ಲು,” ಎಂದಳು.

“ಏನು ಹೇಳಿದ್ಲು?”

“ಟವೆಲ್ ವಿಷಯ. ಮೇಲಿನ ಮನೆ ಆಂಟಿ ಫೋನ್ ಹಚ್ಚಿ ಕಿವಿಗೆ ಹಿಡೀತಿದ್ರಲ್ಲ, ನೀನು ಅಂಗಡಿಗೆ ಹೋದಾಗ. ಮಾತೆಲ್ಲ ಕಲಸುಮೇಲೋಗರ. ಆದ್ರೂ ಅರ್ಥ ಆಯ್ತು. ಅವಳು ಬಾಯಿ ಮುಚ್ತಾಳೆ, ಅವಳು ಬಾಯಿ ಮುಚ್ತಾಳೆ ಅಂತ. ಒಂದ್ಸಲ ಅಲ್ಲ.”

ಅಕ್ಕನ ಕಿವಿಯಲ್ಲಿ ಉಳಿದದ್ದು ಅವಳು ಎಂಬ ಮಾತು. ಅವಳು. ಆ ನೋಟವನ್ನು ಅಕ್ಕ ಇಷ್ಟು ವರ್ಷ ಯಾರಿಗೂ ತೋರಿಸದ ಒಡವೆಯಂತೆ ಇಟ್ಟುಕೊಂಡಿದ್ದಳು. ಟವೆಲ್ ತೆಗೆದಾಗಿನ ನೋಟ, ಗುರುತು ಹಿಡಿದದ್ದು, ಅಮ್ಮನಿಗೂ ತನಗೂ ನಡುವೆ ಬೇರೆ ಯಾರೂ ಇಲ್ಲದ ಆ ಒಂದು ಗಳಿಗೆ. ಅಮ್ಮ ಅವಳನ್ನು ನೋಡುತ್ತಿರಲಿಲ್ಲ. ಚಿನ್ನಿಗೆ ಹೇಳಲು ನೆನಪಿಟ್ಟುಕೊಳ್ಳುತ್ತಿದ್ದಳು. ಪಾಪವೊಂದಾದರೂ ತನ್ನದೇ ಎಂದುಕೊಂಡಿದ್ದವಳಿಗೆ ಅದರಲ್ಲೂ ತಂಗಿಗೆ ಪಾಲು ಹೋಗಿತ್ತು. “ಮತ್ತೆ ನೀನು ಒಂದು ಸಲವೂ ಕೇಳ್ಲಿಲ್ಲ,” ಎಂದಳು ಅಕ್ಕ.

“ಕೇಳಿದ್ರೆ ನೀನು ಅಮ್ಮನ್ನ ಕರ್ಕೊಂಡು ಹೋಗು ಅಂತಿದ್ದೆ.”

ಚಿನ್ನಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ನಾಚಿಕೆಯಿಂದಲೂ ಹೇಳಲಿಲ್ಲ. ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ಹಾಗಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು, ಚಿನ್ನಿಯೇ ಬಗ್ಗಿ ಅದನ್ನು ಬಿಗಿ ಮಾಡಿದಳು.

“ಹಚ್ಚೆಯವನ ಹತ್ರ ಹೋಗಿ ಸರಿ ಮಾಡಿಸ್ಕೋ. ಮತ್ತೆ ಬಣ್ಣ ತುಂಬ್ತಾರಂತಲ್ಲ,” ಎಂದಳು ಅಕ್ಕ ಕೊನೆಗೆ.

“ಬೇಡ. ಹಾಗೇ ಇರ್ಲಿ. ಬೆನ್ನ ಮೇಲೆ ತಾನೆ ಇರೋದು, ನಂಗೇನೂ ಕಾಣಲ್ಲ.” ಚಿನ್ನಿ ಅಂಗಿ ಬಿಚ್ಚಿ ಎದೆಗೆ ಅವುಚಿಕೊಂಡು ಸ್ಟೂಲಿನ ಮೇಲೆ ಕೂತಳು. “ಹಚ್ಚು. ಚರ್ಮ ಬಿಗೀತಾ ಇದೆ.”

ಅಕ್ಕ ಟ್ಯೂಬಿನ ಮುಚ್ಚಳ ತೆಗೆದಳು. ಹಣೆಗೆ ಹಚ್ಚಿದಳು, ಕಣ್ಣಿಗೆ ಹಚ್ಚಿದಳು, ಎರಡು ಕೆನ್ನೆಗೂ ಹಚ್ಚಿದಳು. ಚಿನ್ನಿ ಉಸಿರೆಳೆದುಕೊಂಡಾಗ ಬೆನ್ನು ಹಿಗ್ಗಿ, ಆ ಸೊಟ್ಟ ಬಾಯಿ ತುಸು ಅಗಲವಾಯಿತು, ಉಸಿರು ಬಿಟ್ಟಾಗ ಮುಚ್ಚಿತು. ಮತ್ತೆ ಅಗಲವಾಯಿತು. ಅಕ್ಕ ಅದರ ಮೇಲೆ ಅಂಗೈ ಇಟ್ಟಳು.

“ಒತ್ತಬೇಡ ಅಕ್ಕಾ,” ಎಂದಳು ಚಿನ್ನಿ.